ಬಟನ್‌ಗೆ ಬಣ್ಣ ಹಚ್ಚೋ ಕೆಲಸ

ಮಕ್ಕಳೇ, ಮತ್ತು ಮಕ್ಕಳನ್ನು ಕ್ಲಾಸಿಗೆ ಬಿಟ್ಟು ಹೊರಗೆ ಕಾರಿನಲ್ಲಿ ಕೂತು ಇದನ್ನು ಓದುತ್ತಿರುವ ಅಪ್ಪ-ಅಮ್ಮಂದಿರೇ,

ಕಳೆದ ನವೆಂಬರಿನಲ್ಲಿ ರಾಜ್ಯೋತ್ಸವದ ವಾರ ನಮ್ಮ ಶನಿವಾರದ ಕನ್ನಡ ಶಾಲೆಯಲ್ಲಿ ‘ನಮ್ಮ ಮನೆಯವರ ಕೆಲಸ’ ಅಂತ ಮಕ್ಕಳು ಎರಡೆರಡು ನಿಮಿಷ ಮಾತಾಡಿದ್ದು ನಿಮಗೆ ನೆನಪಿರಬಹುದು. ಒಬ್ಬಳ ಅಪ್ಪ ಡಾಕ್ಟರ್, ಒಬ್ಬನ ಅಮ್ಮ ಅಕೌಂಟೆಂಟ್, ಇನ್ನೊಬ್ಬಳ ಅಜ್ಜ ಹಾಸನದಲ್ಲಿ ಕಾಫಿ ತೋಟ ನೋಡ್ಕೋತಾರೆ. ಆಮೇಲೆ ನನ್ನ ಮಗನ ಸರದಿ ಬಂತು. ಕೈ ಕಟ್ಟಿಕೊಂಡು ನಿಂತು, ಒಳ್ಳೆ ಸ್ಪಷ್ಟ ಕನ್ನಡದಲ್ಲಿ ಹೇಳಿದ: “ನನ್ನ ಅಮ್ಮ ಮೊದಲು ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದರು. ಈಗ ಬಟನ್‌ಗೆ ಬಣ್ಣ ಹಚ್ಚುತ್ತಾರೆ.”

ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ. ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ, ಟೀಚರಾಗಿ ಖುಷಿಪಡಬೇಕಾದ ವಿಷಯವೇ. ಆದರೆ ಮನೆಗೆ ಬಂದು ಪಾತ್ರೆ ತೊಳೆಯುವಾಗ ಆ ಮಾತು ಸ್ವಲ್ಪ ಚುಚ್ಚಿತು. ಯಾಕಂದರೆ ಆ ಬಣ್ಣ ಹಚ್ಚೋ ಕೆಲಸಕ್ಕೆ ಬರಲು ನನಗೆ ಇಪ್ಪತ್ತೈದು ವರ್ಷ ಹಿಡಿದಿತ್ತು. ಅದರ ಕತೆ ಅವನಿಗೂ ಪೂರ್ತಿ ಗೊತ್ತಿಲ್ಲ. ಅದಕ್ಕೇ ಈ ಸಲ ಪತ್ರಿಕೆಗೆ ‘ಏನಾದ್ರೂ ಬರೀರಿ’ ಅಂದಾಗ, ಇದನ್ನೇ ಬರೆಯೋಣ ಅಂದುಕೊಂಡೆ.

ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ನಮ್ಮ ಅಜ್ಜಿ ಕಸೂತಿ ಹಾಕುತ್ತಿದ್ದರು. ಕಸೂತಿ ಅಂದರೆ ನಮ್ಮ ಕಡೆಯ ಸೂಜಿ-ದಾರದ ಕೆಲಸ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ ಎಲ್ಲ ಬರುತ್ತವೆ. ಅದರಲ್ಲಿ ನಾಲ್ಕು ಥರದ ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಮೊದಲು ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿಯೇ ಆನೆಯ ಸೊಂಡಿಲು ಬರಬೇಕು. ಗಂಟು ಹಾಕುವ ಹಾಗೂ ಇಲ್ಲ. ಗವಂತಿ ಸರಿಯಾಗಿ ಹಾಕಿದರೆ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುತ್ತದೆ. ನಾನು ಏನು ತೋರಿಸಿದರೂ ಅಜ್ಜಿ ಮೊದಲು ಬಟ್ಟೆ ತಿರುಗಿಸಿ ಹಿಂದಿನ ಭಾಗ ನೋಡುತ್ತಿದ್ದರು. “ಅವಸರ ಮಾಡಬ್ಯಾಡ ತಂಗಿ, ಎಳಿ ಎಣಸು” ಅನ್ನೋರು. ಒಂದು ಎಳೆ ತಪ್ಪಿದರೂ ಪೂರ್ತಿ ಬಿಚ್ಚಿಸುತ್ತಿದ್ದರು.

ನನಗೆ ಚಿತ್ರದ ಹುಚ್ಚು ಹಿಡಿದದ್ದು ಅಲ್ಲಿಂದ. ಪಿಯುಸಿ ಆದಮೇಲೆ ಚಿತ್ರಕಲೆ ಓದುತ್ತೀನಿ ಅಂದೆ. ಅಪ್ಪ ಶಾಲಾ ಮಾಸ್ತರರು. ಬೈಯಲಿಲ್ಲ, ಕೂಗಾಡಲಿಲ್ಲ. “ಚಿತ್ರ ಹವ್ಯಾಸಕ್ಕ ಇರಲಿ. ಹೊಟ್ಟಿಗಿ ಇಂಜಿನಿಯರಿಂಗ್ ಇರಲಿ” ಅಂದರು, ಅಷ್ಟೆ. ಮನೆಯಲ್ಲಿ ಒಂದು ಪಗಾರ, ಓದುವ ಮಕ್ಕಳು ಮೂವರು. ಅವರ ಲೆಕ್ಕ ತಪ್ಪಾಗಿರಲಿಲ್ಲ. ಸಿಇಟಿ ಬರೆದೆ, ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದೆ, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಇಂಗ್ಲೆಂಡಿಗೆ ಬಂದೆವು. ಕೆಲಸ ಚೆನ್ನಾಗಿತ್ತು, ನನಗೆ ಇಷ್ಟವೂ ಇತ್ತು. ನಾನು ಮಾಡುತ್ತಿದ್ದದ್ದು ಬ್ಯಾಕ್‌ಎಂಡ್, ಅಂದರೆ ಬಟ್ಟೆಯ ಹಿಂಭಾಗ. ಪರದೆಯ ಮೇಲೆ ಜನ ಏನು ನೋಡುತ್ತಾರೆ ಅನ್ನೋದು ನನ್ನ ತಲೆನೋವಾಗಿರಲಿಲ್ಲ. ಕಸೂತಿಯ ಚೌಕಟ್ಟು ಮಾತ್ರ ಮನೆಯಿಂದ ಮನೆಗೆ ನನ್ನ ಜೊತೆ ಬಂತು, ಒಂದು ಪೆಟ್ಟಿಗೆಯ ತಳದಲ್ಲಿ.

2020ರಲ್ಲಿ ಲಾಕ್‌ಡೌನ್ ಆದಾಗ ನಮ್ಮ ಶಾಲೆ ಝೂಮ್‌ಗೆ ಬಂತಲ್ಲ, ಆಗ ನಾನು ಚಿಕ್ಕ ಮಕ್ಕಳ ಗುಂಪಿಗೆ ಅಕ್ಷರ ಕಲಿಸುತ್ತಿದ್ದೆ. ಮಕ್ಕಳಿಗೆ ಬೇಸರವಾಗಬಾರದು ಅಂತ ಹೊಸ ಅಕ್ಷರದ ಕಾರ್ಡು ಮಾಡೋಣ ಅಂದುಕೊಂಡೆ. ಪೆಟ್ಟಿಗೆಯಿಂದ ಚೌಕಟ್ಟು ಹೊರಗೆ ಬಂತು. ಗ್ರಾಫ್ ಹಾಳೆಯ ಮೇಲೆ ಒಂದೊಂದು ಅಕ್ಷರವನ್ನೂ ಕಸೂತಿಯ ಥರ ಬರೆದು, ಕೆಂಪು, ಹಸಿರು, ಹಳದಿ ಹಚ್ಚಿ, ಸುತ್ತ ಗೋಪುರದ ಅಂಚು ಹಾಕಿದೆ. ರಾತ್ರಿ ಹನ್ನೆರಡರವರೆಗೆ ಕೂತು ಮಾಡಿದ ಕೆಲಸ. ಪ್ರಿಂಟ್ ಮಾಡಿಸಿ ಪ್ರತಿ ಮನೆಗೂ ಅಂಚೆಯಲ್ಲಿ ಕಳಿಸಿದೆ. ವಾಟ್ಸಾಪ್ ಗುಂಪಿನಲ್ಲಿ ಹೂವು, ಚಪ್ಪಾಳೆ, ‘ಸೂಪರ್ ಮೇಡಂ’. ನಾನು ಎರಡು ದಿನ ನೆಲದ ಮೇಲೆ ಇರಲಿಲ್ಲ.

ಆಮೇಲೆ ಪಾಠ ಶುರುವಾಯಿತು. ಆರು ವರ್ಷದ ಒಬ್ಬ ಹುಡುಗ, ಹೋದ ತಿಂಗಳು ಚೆನ್ನಾಗಿಯೇ ಓದುತ್ತಿದ್ದವನು, ಕಾರ್ಡು ಹಿಡಿದು ಸುಮ್ಮನೆ ಕೂರುತ್ತಿದ್ದ. ‘ರ’ ತೋರಿಸಿದರೆ ‘ಠ’ ಅನ್ನುತ್ತಿದ್ದ, ‘ಮ’ ತೋರಿಸಿದರೆ ‘ವ’. ಮೂರನೇ ವಾರ ಕ್ಯಾಮೆರಾ ಆಫ್ ಮಾಡಿಬಿಟ್ಟ. ನಾನು ಅವನ ಅಮ್ಮನಿಗೆ ಮೆಸೇಜ್ ಹಾಕಿದೆ: “ಮನೆಯಲ್ಲಿ ಅಭ್ಯಾಸ ಕಡಿಮೆ ಆಗ್ತಿದೆ ಅನ್ಸುತ್ತೆ, ಸ್ವಲ್ಪ ನೋಡಿ.”

ಅವರು ಫೋನ್ ಮಾಡಿದರು. ಸಿಟ್ಟಾಗಲಿಲ್ಲ, ಆದರೆ ದನಿ ಕುಗ್ಗಿತ್ತು. “ಅಕ್ಕಾ, ಗೋಡೆ ಮೇಲಿನ ಹಳೇ ಚಾರ್ಟ್ ನೋಡಿ ಎಲ್ಲಾ ಓದ್ತಾನೆ. ನಿಮ್ಮ ಕಾರ್ಡ್ ಕೊಟ್ರೆ ಮಾತ್ರ ‘ನಂಗೆ ಬರಲ್ಲ, ನಾನು ದಡ್ಡ’ ಅಂತಾನೆ.”

ಫೋನ್ ಇಟ್ಟು ಕಾರ್ಡುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಮೊದಲ ಸಲ ಅವನ ಕಣ್ಣಿನಿಂದ ನೋಡಲು ಪ್ರಯತ್ನಪಟ್ಟೆ. ‘ರ’ಕ್ಕೂ ‘ಠ’ಕ್ಕೂ ಇರುವ ವ್ಯತ್ಯಾಸ ಒಳಗಿನ ಒಂದು ಚುಕ್ಕೆ. ನನ್ನ ಕಾರ್ಡಿನಲ್ಲಿ ಆ ಚುಕ್ಕೆ ಒಂದೇ ಒಂದು ಹೊಲಿಗೆ. ಅಕ್ಷರದ ಮೈತುಂಬ ಹೊಲಿಗೆ ಇದ್ದಾಗ ಅದು ಯಾರಿಗೆ ಕಾಣಬೇಕು? ‘ಮ’, ‘ವ’, ‘ಯ’ ಮೂರರ ತಿರುವುಗಳೂ ಚೌಕಚೌಕವಾಗಿ ಒಂದೇ ಥರ ಆಗಿದ್ದವು. ಇನ್ನು ಚಿತ್ರ! ‘ಉ’ಗೆ ನಾನು ಬಾಲ್ಯದಲ್ಲಿ ಓದಿದ ಹಾಗೆ ಉಡ ಹಾಕಿದ್ದೆ. ಇಲ್ಲಿಯ ಮಗು ಉಡವನ್ನು ಎಲ್ಲಿ ನೋಡಿರುತ್ತೆ? ಅದು ಅವನಿಗೆ ಮೊಸಳೆ. ‘ಮೊಸಳೆ’ ಅಂದುಕೊಂಡು ‘ಉ’ಗೆ ‘ಮ’ ಅನ್ನುತ್ತಿದ್ದ. ಅವನ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು.

ದಡ್ಡ ಅವನಲ್ಲ, ನನ್ನ ಕಾರ್ಡು. ಅದನ್ನು ನಾನು ಮಾಡಿದ್ದು ನೋಡುವವರ ಚಪ್ಪಾಳೆಗೆ. ಓದುವವನಿಗಾಗಿ ಮಾಡಿರಲಿಲ್ಲ. ಅವತ್ತೇ ಅವನ ಅಮ್ಮನಿಗೆ ಕ್ಷಮೆ ಕೇಳಿದೆ. ಶನಿವಾರ ಅವನಿಗೂ ಹೇಳಿದೆ: “ಪುಟ್ಟಾ, ಕಾರ್ಡು ತಪ್ಪಾಗಿದೆ. ನಾನೇ ತಪ್ಪಾಗಿ ಮಾಡಿದ್ದೆ.” ಅವನು ಕ್ಯಾಮೆರಾ ಆನ್ ಮಾಡಿದ.

ಹೊಸ ಕಾರ್ಡು ಮಾಡಲು ಮೂರು ತಿಂಗಳು ಹಿಡಿಯಿತು. ಈ ಸಲ ಅಂಚು ಇಲ್ಲ, ಗೋಪುರ ಇಲ್ಲ. ದಪ್ಪ ಕಪ್ಪು ಅಕ್ಷರ, ಬಿಳಿ ಹಾಳೆ. ಗೊಂದಲವಾಗುವ ಜೋಡಿಗಳಲ್ಲಿ ವ್ಯತ್ಯಾಸದ ಭಾಗ ಮಾತ್ರ ಕೆಂಪು. ‘ಉ’ಗೆ ಉಂಗುರ. ಮಾಡಿ ಸುಮ್ಮನಾಗಲಿಲ್ಲ. ಐದು ಮಕ್ಕಳಿಗೆ ಒಬ್ಬೊಬ್ಬರಿಗಾಗಿ ಕೊಟ್ಟು, ಅವರು ಓದುವುದನ್ನು ಬಾಯಿ ಮುಚ್ಚಿಕೊಂಡು ನೋಡಿದೆ. ಬಾಯಿ ಮುಚ್ಚಿಕೊಳ್ಳೋದು ಎಷ್ಟು ಕಷ್ಟ ಅಂತ ಟೀಚರ್‌ಗಳನ್ನೇ ಕೇಳಿ! ಯಾವ ಕಾರ್ಡಿನ ಹತ್ತಿರ ಬೆರಳು ನಿಲ್ಲುತ್ತದೋ ಅದನ್ನು ಮತ್ತೆ ಬರೆದೆ. ಅಜ್ಜಿ ಬಿಚ್ಚಿಸುತ್ತಿದ್ದ ಹಾಗೆ, ನಾಲ್ಕು ಸಲ ಬಿಚ್ಚಿ ಹಾಕಿದೆ.

ಈ ಕೆಲಸಕ್ಕೆ ಒಂದು ಹೆಸರಿದೆ ಅಂತ ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಆಫೀಸಿನಲ್ಲಿ ಒಬ್ಬ ಡಿಸೈನರ್ ಹುಡುಗಿಗೆ ಊಟದ ಹೊತ್ತಿನಲ್ಲಿ ಕತೆ ಹೇಳಿದೆ. ಅವಳು ನಕ್ಕು, “ನೀವು ಮಾಡಿದ್ದು ಯೂಸಬಿಲಿಟಿ ಟೆಸ್ಟ್” ಅಂದಳು. ಐದು ಜನರ ಜೊತೆ ಪರೀಕ್ಷೆ ಮಾಡಿದರೆ ಸಾಕು, ಹೆಚ್ಚಿನ ತೊಂದರೆಗಳು ಗೊತ್ತಾಗುತ್ತವೆ ಅಂತ ಜೇಕಬ್ ನೀಲ್ಸನ್ ಅನ್ನುವವರು 2000ದಲ್ಲೇ ಬರೆದಿದ್ದರಂತೆ. ನಾನು ಐದನ್ನು ಆರಿಸಿದ್ದು ಆ ಗುಂಪಿನಲ್ಲಿ ಇದ್ದದ್ದೇ ಐದು ಮಕ್ಕಳು ಅಂತ!

ಅವಳು ಒಂದು ಪುಸ್ತಕ ಕೊಟ್ಟಳು. ಡಾನ್ ನಾರ್ಮನ್ ಅವರು 1988ರಲ್ಲಿ ಬರೆದದ್ದು, ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ. ಬಾಗಿಲು ತಳ್ಳಬೇಕೋ ಎಳೆಯಬೇಕೋ ಗೊತ್ತಾಗದೆ ನಾವು ಪೆದ್ದುಪೆದ್ದಾಗಿ ನಿಲ್ಲುತ್ತೇವಲ್ಲ, ಅದು ನಮ್ಮ ತಪ್ಪಲ್ಲ, ಬಾಗಿಲು ಮಾಡಿದವರ ತಪ್ಪು ಅನ್ನುವುದು ಅದರ ಒಂದು ಮುಖ್ಯ ಮಾತು. ‘ಯೂಸರ್ ಎಕ್ಸ್‌ಪೀರಿಯೆನ್ಸ್’, ಅಂದರೆ ಬಳಸುವವರ ಅನುಭವ ಅನ್ನೋ ಮಾತನ್ನು ತಮ್ಮ ಹುದ್ದೆಯ ಹೆಸರಿನಲ್ಲೇ ಇಟ್ಟುಕೊಂಡವರು ಅವರು, 1990ರ ದಶಕದಲ್ಲಿ ಆ್ಯಪಲ್ ಕಂಪನಿಯಲ್ಲಿ. ಅವರೂ ಮೊದಲು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್.

ಓದುತ್ತಾ ಹೋದ ಹಾಗೆ ಇನ್ನೊಬ್ಬರು ಸಿಕ್ಕರು, ಸೂಸನ್ ಕೇರ್. 1984ರಲ್ಲಿ ಬಂದ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರಿನ ಪುಟ್ಟ ಚಿತ್ರಗಳನ್ನು, ಕಸದ ಬುಟ್ಟಿ, ನಗುವ ಕಂಪ್ಯೂಟರ್ ಎಲ್ಲ, ಬಿಡಿಸಿದವರು. ಅವರು ಕಂಪ್ಯೂಟರಿನವರಲ್ಲ, ಕಲೆ ಓದಿ ಶಿಲ್ಪ ಮಾಡುತ್ತಿದ್ದವರು. ಒಂದು ಗ್ರಾಫ್ ಪುಸ್ತಕ ಕೊಂಡು, 32ಕ್ಕೆ 32 ಚೌಕಗಳಲ್ಲಿ ಒಂದೊಂದೇ ಚೌಕ ತುಂಬಿ ಚಿತ್ರ ಮಾಡಿದರು. ಚಿಕ್ಕವರಿದ್ದಾಗ ಅವರ ಅಮ್ಮ ಅವರಿಗೆ ಎಳೆ ಎಣಿಸಿ ಹಾಕುವ ಕಸೂತಿ ಕಲಿಸಿದ್ದರು ಅಂತ ಓದಿದಾಗ ಪುಸ್ತಕ ಮುಚ್ಚಿ ಒಂದು ನಿಮಿಷ ಸುಮ್ಮನೆ ಕೂತೆ. ನಮ್ಮ ಅಜ್ಜಿಗೆ ಇದನ್ನು ಹೇಳಬೇಕಿತ್ತು. ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಆರು ತಿಂಗಳು ಸಂಜೆ ಕೋರ್ಸ್ ಮಾಡಿದೆ. 2022ರಲ್ಲಿ ನಮ್ಮ ಕಂಪನಿಯ ಡಿಸೈನ್ ತಂಡದಲ್ಲೇ ಒಂದು ಜಾಗ ಖಾಲಿಯಾಯಿತು, ಅರ್ಜಿ ಹಾಕಿದೆ. ಚೆಂದಚೆಂದದ ಪರದೆಗಳನ್ನು ಬಿಡಿಸಿ ತೋರಿಸಿದೆ. ಸಿಗಲಿಲ್ಲ. “ಚಿತ್ರಗಳು ಚೆನ್ನಾಗಿವೆ. ಆದರೆ ಯಾರಿಗೋಸ್ಕರ, ಯಾಕೆ ಹೀಗೆ ಅಂತ ಎಲ್ಲೂ ಇಲ್ಲ” ಅಂದರು. ಅಂದರೆ ನಾನು ಮತ್ತೆ ಕಸೂತಿ ಕಾರ್ಡನ್ನೇ ಮಾಡಿದ್ದೆ! ಮುಂದಿನ ವರ್ಷ ಇನ್ನೊಮ್ಮೆ ಹೋದಾಗ ಚೆಂದದ್ದು ಏನನ್ನೂ ಒಯ್ಯಲಿಲ್ಲ. ಸೋತ ಕಾರ್ಡು, ನಾಲ್ಕು ಸಲ ತಿದ್ದಿದ ಕಾರ್ಡು, ಆ ಹುಡುಗನ ಮೇಲೆ ನಾನು ತಪ್ಪು ಹೊರಿಸಿದ್ದು, ಎಲ್ಲವನ್ನೂ ಹೇಳಿದೆ. ಕೆಲಸ ಸಿಕ್ಕಿತು, ಒಂದು ಮೆಟ್ಟಿಲು ಕೆಳಗಿನ ಹುದ್ದೆ, ಕಡಿಮೆ ಪಗಾರ. ಮನೆಯಲ್ಲಿ ಮಾರ್ಟ್‌ಗೇಜ್ ಲೆಕ್ಕ ಹಾಕಿದೆವು. ಒಂದು ವರ್ಷ ಊರಿಗೆ ಹೋಗಲಿಲ್ಲ. ನನಗಿಂತ ಹದಿನೈದು ವರ್ಷ ಚಿಕ್ಕವರ ಪಕ್ಕ ಕೂತು ಕಲಿತೆ. ಕೋಡ್‌ನಲ್ಲಿ ಸರಿ-ತಪ್ಪು ಯಂತ್ರವೇ ಹೇಳಿಬಿಡುತ್ತೆ. ಇಲ್ಲಿ ಹಾಗಿಲ್ಲ, ಎಲ್ಲರೂ ನಿಮ್ಮ ಕೆಲಸದ ಮುಂದೆ ನಿಂತು ಅಭಿಪ್ರಾಯ ಹೇಳುತ್ತಾರೆ. ಮೊದಲ ತಿಂಗಳುಗಳಲ್ಲಿ ಅದು ಬಹಳ ಕಷ್ಟವಾಯಿತು. ಇದನ್ನು ಮುಚ್ಚಿಟ್ಟು ‘ಕನಸಿನ ಬೆನ್ನು ಹತ್ತಿ’ ಅಂತ ಬರೆದರೆ ಸುಳ್ಳಾಗುತ್ತದೆ.

ಧಾರವಾಡದಲ್ಲಿ ಅಪ್ಪನಿಗೆ ಮಾತ್ರ ಎಂಟು ತಿಂಗಳು ಹೇಳಿರಲಿಲ್ಲ. ಅವರಿಗೆ ‘ಮಗಳು ಇಂಜಿನಿಯರ್’ ಅನ್ನೋದು ಬರೀ ಕೆಲಸದ ಹೆಸರಲ್ಲ, ಆ ಒಂದು ಪಗಾರದಲ್ಲಿ ಅವರು ಕಟ್ಟಿದ ಮನೆ ಅದು.

ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಪ್ಪ ತಮ್ಮ ಬ್ಯಾಂಕಿನ ಆ್ಯಪ್ ತೆರೆಯಲು ಒದ್ದಾಡುತ್ತಿದ್ದರು. ಮುಂದೆ ಹೋಗುವ ಬಟನ್ ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಬಣ್ಣದಲ್ಲಿತ್ತು. ಅಪ್ಪನ ಕಣ್ಣಿಗೆ ಅದು ಇರಲೇ ಇಲ್ಲ. ಹತ್ತು ನಿಮಿಷ ಹುಡುಕಿ ಫೋನ್ ಕೆಳಗಿಟ್ಟರು. “ನಂದ ತಪ್ಪವಾ. ವಯಸ್ಸಾತು, ತಲಿ ಓಡೂದಿಲ್ಲ” ಅಂದರು.

ನಲವತ್ತು ವರ್ಷದಲ್ಲಿ ಅಪ್ಪ ‘ನಂದು ತಪ್ಪು’ ಅಂದದ್ದನ್ನು ನಾನು ಕೇಳಿರಲಿಲ್ಲ. ಯಾರೋ ನೋಡದೆ ಹಚ್ಚಿದ ಒಂದು ಬೂದು ಬಣ್ಣ ಅವರಿಂದ ಅದನ್ನು ಹೇಳಿಸಿತು. ಆರು ವರ್ಷದ ಹುಡುಗ ‘ನಾನು ದಡ್ಡ’ ಅಂದದ್ದೂ, ಎಪ್ಪತ್ತೆಂಟರ ಅಪ್ಪ ‘ತಲಿ ಓಡೂದಿಲ್ಲ’ ಅಂದದ್ದೂ ನನಗೆ ಒಂದೇ ದನಿಯಲ್ಲಿ ಕೇಳಿತು.

“ಅಪ್ಪಾ, ತಪ್ಪು ನಿಮ್ದಲ್ಲ. ಅದನ್ನ ಮಾಡಿದವರದು. ಅಕ್ಷರಕ್ಕೂ ಹಿನ್ನೆಲೆಗೂ ಕಡಿಮೆ ಅಂದ್ರೂ 4.5ಕ್ಕೆ 1ರಷ್ಟು ಬಣ್ಣದ ಅಂತರ ಇರಬೇಕು ಅಂತ ನಿಯಮಾನೇ ಅದ. ಅವ್ರು ನೋಡಿಲ್ಲ” ಅಂದೆ.

“ನಿನಗ ಹ್ಯಾಂಗ ಗೊತ್ತು?”

“ಈಗ ನನ್ನ ಕೆಲಸ ಅದ ಅಪ್ಪಾ. ಎಂಟು ತಿಂಗಳಾತು.”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಏನೇನೋ ಉತ್ತರ ಸಿದ್ಧಮಾಡಿಕೊಂಡೆ. ಅವರು ಕೇಳಿದ್ದು, “ಪಗಾರ ಕಡಿಮಿ ಮಾಡ್ಯಾರೇನು?”

“ಸ್ವಲ್ಪ.”

“ಹೂಂ.” ಮತ್ತೆ ಸುಮ್ಮನಾದರು. ಆಮೇಲೆ, “ಹಂಗಾದ್ರ ಈ ಬ್ಯಾಂಕಿನವರಿಗೊಂದು ಪತ್ರ ಬರಿ. ನನ್ನಂಥಾವ್ರು ಊರಾಗ ಭಾಳ ಮಂದಿ ಅದಾರ” ಅಂದರು. ಬರೆದೆ. ಬಟನ್ ಇನ್ನೂ ಬೂದು ಬಣ್ಣದಲ್ಲೇ ಇದೆ. ಅಪ್ಪ ಪ್ರತಿ ತಿಂಗಳೂ “ಏನಾತವಾ, ಅವರು ಉತ್ತರ ಬರದ್ರೇನು?” ಅಂತ ಕೇಳುತ್ತಾರೆ. ‘ಇಂಜಿನಿಯರಿಂಗ್ ಯಾಕ ಬಿಟ್ಟಿ’ ಅಂತ ಮಾತ್ರ ಇವತ್ತಿನವರೆಗೆ ಕೇಳಿಲ್ಲ.

ಹಾಗಂತ ನಾನು ಪಾಠ ಕಲಿತುಬಿಟ್ಟೆ ಅಂದುಕೊಳ್ಳಬೇಡಿ. ಈ ವರ್ಷ ಮಗಳು ಎ-ಲೆವೆಲ್‌ಗೆ ವಿಷಯ ಆರಿಸಬೇಕಿತ್ತು. “ಗಣಿತ, ಭೌತಶಾಸ್ತ್ರ, ಆಮೇಲೆ ಆರ್ಟ್” ಅಂದಳು. ನನ್ನ ಬಾಯಿಂದ ತಟ್ಟನೆ ಬಂದದ್ದು: “ಆರ್ಟ್ ಹವ್ಯಾಸಕ್ಕೆ ಇರಲಿ ಕಣೇ.” ಹೇಳಿ ಮುಗಿಸುವ ಮೊದಲೇ ಅದು ಯಾರ ಮಾತು ಅಂತ ಗೊತ್ತಾಯಿತು. ಅವಳು ಏನೂ ಅನ್ನಲಿಲ್ಲ, ನನ್ನ ಮುಖ ನೋಡಿದಳು. ಆ ನೋಟವೂ ನನಗೆ ಪರಿಚಯದ್ದೇ. ಮಾರನೇ ದಿನ ಇಬ್ಬರೂ ಕೂತು ಮಾತಾಡಿದೆವು. ಅವಳು ಮೂರನ್ನೂ ತಗೊಂಡಿದ್ದಾಳೆ. ಮುಂದೆ ಏನಾಗುತ್ತಾಳೋ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪಾಲಕರಿಗೆ ನಾನು ಹೇಳಬಹುದಾದದ್ದು ಇಷ್ಟೇ. ಅಪ್ಪನ ಲೆಕ್ಕ ಆ ದಿನಕ್ಕೆ ಸರಿಯಿತ್ತು, ಇಂಜಿನಿಯರಿಂಗ್ ನನಗೆ ಅನ್ನ ಕೊಟ್ಟಿತು, ಇಂದಿನ ಕೆಲಸದಲ್ಲೂ ದಿನಾ ಉಪಯೋಗಕ್ಕೆ ಬರುತ್ತದೆ. ಆದರೆ ಹವ್ಯಾಸ ಅಂತ ಪೆಟ್ಟಿಗೆಯ ತಳಕ್ಕೆ ಹಾಕಿದ್ದು ಅಲ್ಲೇ ಸತ್ತುಹೋಗುವುದಿಲ್ಲ. ಮಕ್ಕಳ ಹವ್ಯಾಸಕ್ಕೆ ವಾರದಲ್ಲಿ ಎರಡು ಗಂಟೆ ಜಾಗ ಇರಲಿ, ಟ್ಯೂಷನ್ ನಡುವೆಯೂ.

ಮಕ್ಕಳೇ, ಈಗ ನಿಮಗೆ. ಹೋದ ಬೇಸಿಗೆಯಲ್ಲಿ ನಾವೆಲ್ಲ ಥೇಮ್ಸ್ ನದಿಯ ದಂಡೆಯ ಬಸವಣ್ಣನವರ ಪುತ್ಥಳಿ ನೋಡಲು ಲಂಡನ್ನಿಗೆ ಹೋಗಿದ್ವಲ್ಲ, 2015ರಲ್ಲಿ ಅನಾವರಣವಾದದ್ದು? ಪ್ಯಾಡಿಂಗ್ಟನ್‌ನಲ್ಲಿ ಇಳಿದಾಗ ದೊಡ್ಡವರೆಲ್ಲ ಫೋನ್ ತೆಗೆದು ಗೊಂದಲ ಮಾಡಿಕೊಂಡರು. ಎಂಟು ವರ್ಷದ ಒಬ್ಬಳು ಗೋಡೆಯ ಮೇಲಿನ ಮ್ಯಾಪ್ ನೋಡಿ, “ಕಂದು ಗೆರೆಯಲ್ಲಿ ಆಕ್ಸ್‌ಫರ್ಡ್ ಸರ್ಕಸ್, ಅಲ್ಲಿಂದ ತಿಳಿ ನೀಲಿ ಗೆರೆಯಲ್ಲಿ ವಾಕ್ಸ್‌ಹಾಲ್” ಅಂತ ಹೇಳಿಬಿಟ್ಟಳು. ಆ ಮ್ಯಾಪಿನ ಮೂಲ ಬಿಡಿಸಿದವರು ಹ್ಯಾರಿ ಬೆಕ್. ಅವರು ಮ್ಯಾಪ್ ಮಾಡುವವರಲ್ಲ, ಅಂಡರ್‌ಗ್ರೌಂಡ್ ರೈಲಿನವರ ಸಿಗ್ನಲ್ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದವರು. 1931ರಲ್ಲಿ ತಮ್ಮ ಬಿಡುವಿನ ವೇಳೆಯಲ್ಲಿ ಅದನ್ನು ಬಿಡಿಸಿದರು. ನೆಲದ ಒಳಗೆ ಹೋಗುವವರಿಗೆ ಮೇಲಿನ ರಸ್ತೆಯ ತಿರುವುಗಳು ಯಾಕೆ, ಯಾವ ಸ್ಟೇಷನ್ ಆದಮೇಲೆ ಯಾವುದು, ಎಲ್ಲಿ ರೈಲು ಬದಲಿಸಬೇಕು ಅಂತ ಗೊತ್ತಾದರೆ ಸಾಕಲ್ಲ ಅಂದುಕೊಂಡರು. ನೇರ ಗೆರೆ, ಅಡ್ಡ ಗೆರೆ, ಓರೆ ಗೆರೆ, ಅಷ್ಟೇ. ಮೊದಲ ಸಲ ತೋರಿಸಿದಾಗ ಆಫೀಸಿನವರು ಬೇಡ ಅಂದರು. 1933ರಲ್ಲಿ ಜೇಬಿನಲ್ಲಿ ಇಡುವ ಅಳತೆಯಲ್ಲಿ ಅಚ್ಚಾಗಿ ಬಂದಾಗ ಜನರಿಗೆ ತುಂಬ ಇಷ್ಟವಾಯಿತು.

ನಿಮಗೊಂದು ಹೋಮ್‌ವರ್ಕ್ ಕೊಡುತ್ತೇನೆ, ಬರೆಯೋದು ಕಡಿಮೆ. ನಿಮ್ಮ ಅಜ್ಜಿ-ತಾತ ಬಂದಾಗ, ಅಥವಾ ವಿಡಿಯೋ ಕಾಲ್‌ನಲ್ಲಿ, ಅವರು ಫೋನ್, ರಿಮೋಟ್, ಮೈಕ್ರೋವೇವ್ ಏನಾದರೂ ಬಳಸುವುದನ್ನು ಐದು ನಿಮಿಷ ನೋಡಿ. “ಅಯ್ಯೋ ಅಲ್ಲಿ ಒತ್ತಿ ತಾತಾ” ಅನ್ನಬೇಡಿ. ಅವರ ಬೆರಳು ಎಲ್ಲಿ ನಿಲ್ಲುತ್ತೆ ಅಂತ ಬರೆದಿಡಿ. ಆಮೇಲೆ ಸಹಾಯ ಮಾಡಿ. ಅದನ್ನು ಹೇಗೆ ಬದಲಿಸಿದರೆ ಅವರಿಗೆ ಸುಲಭವಾಗುತ್ತೆ ಅಂತ ಒಂದು ಚಿತ್ರ ಬಿಡಿಸಿ ಶನಿವಾರ ತನ್ನಿ.

ನನ್ನ ಅಕ್ಷರದ ಕಾರ್ಡುಗಳು ಹಾಲ್‌ನ ಹಿಂದಿನ ಕಪಾಟಿನಲ್ಲಿ ನೀಲಿ ಡಬ್ಬಿಯಲ್ಲಿವೆ, ಈಗ ಆರನೇ ಆವೃತ್ತಿ. ‘ಕ್ಷ’ ಮತ್ತು ‘ಜ್ಞ’ ಇನ್ನೂ ಸರಿಯಾಗಿಲ್ಲ ಅಂತ ಚಿಕ್ಕವರ ಗುಂಪು ದೂರು ಕೊಟ್ಟಿದೆ. ಯಾವುದಾದರೂ ಕಾರ್ಡು ಓದಲು ಬರದಿದ್ದರೆ ಸುಮ್ಮನೆ ಕೂರಬೇಡಿ, ತಂದು ನನ್ನ ಕೈಗೆ ಕೊಡಿ. ತಪ್ಪು ನಿಮ್ಮದಿರಲಿಕ್ಕಿಲ್ಲ.